ಒಂದು ದಿನ, ಮೂರು ದಾರಿ: ಕೊಡಗಿನಲ್ಲಿ ಕಾಫಿಯ ರುಚಿ ನೋಡುವ ಪ್ರವಾಸ

ನಂದಿ ಬೆಟ್ಟದ ಆಸುಪಾಸಿನ ವೈನ್ ಘಟಕಗಳಿಗೆ ಬೆಂಗಳೂರಿನವರು ಹೋಗಿ ರುಚಿ ನೋಡಿ ಸಂಜೆಗೆ ಮರಳುವಂತೆ, ಕೊಡಗಿನಲ್ಲಿ ತೋಟದಿಂದ ತೋಟಕ್ಕೆ ಹೋಗಿ ಕಾಫಿಯ ರುಚಿ ನೋಡಬಹುದೇ ಎಂದು ನಮ್ಮ ಮನೆಗೆ ಬರುವ ನೆಂಟರು ಕೇಳುತ್ತಲೇ ಇರುತ್ತಾರೆ. ಖಂಡಿತ ನೋಡಬಹುದು. ಯಾವ ದಾರಿ ಒಳ್ಳೆಯದೆಂದು ತಿಳಿಯಲು ಕಳೆದ ಕೊಯ್ಲಿನ ಕಾಲದಲ್ಲಿ ನಾನೂ ನಮ್ಮ ಭಾವನವರೂ ಮೂರು ಬಾರಿ ಮಡಿಕೇರಿಯಿಂದ ಹೊರಟೆವು: ಒಮ್ಮೆ ಮಾದಾಪುರದ ಮೇಲಾಗಿ ಸೋಮವಾರಪೇಟೆಯ ಅರೇಬಿಕಾ ಸೀಮೆಗೆ, ಒಮ್ಮೆ ಸಿದ್ದಾಪುರ, ಅಮ್ಮತ್ತಿಗಳ ರೋಬಸ್ಟಾ ಸೀಮೆಗೆ, ಮತ್ತೊಮ್ಮೆ ಕುಟ್ಟದಲ್ಲಿ ಗಡಿ ದಾಟಿ ವಯನಾಡಿಗೆ. ಅರೇಬಿಕಾ, ರೋಬಸ್ಟಾ ಎಂಬುವು ಕಾಫಿಯ ಎರಡು ಜಾತಿಗಳು.

ಸೋಮವಾರಪೇಟೆಯ ಕಡೆಗೆ ಹೋದದ್ದು ಡಿಸೆಂಬರ್‌ನಲ್ಲಿ. ಅರೇಬಿಕಾ ಸಾಮಾನ್ಯವಾಗಿ 1,000ದಿಂದ 1,500 ಮೀಟರ್ ಎತ್ತರದಲ್ಲಿ ಚೆನ್ನಾಗಿ ಬರುವ ಬೆಳೆ. ನವೆಂಬರ್‌ನಿಂದ ಜನವರಿಯವರೆಗೆ ಅದರ ಕೊಯ್ಲು ನಡೆಯುವುದರಿಂದ ಗಿಡದಲ್ಲಿ ಹಣ್ಣು, ಪಲ್ಪರ್‌ನಲ್ಲಿ ಸಿಪ್ಪೆ ಸುಲಿಯುವ ಕೆಲಸ, ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ, ತೆಳು ಹೊಟ್ಟು ಉಳಿದಿರುವ ಬೀಜ) ಈ ಮೂರನ್ನೂ ಒಂದೇ ದಿನ ನೋಡಲು ಸಿಕ್ಕಿತು. ಕಣದಲ್ಲಿ ಒಣಗುತ್ತಿರುವುದು ಈ ವರ್ಷದ ಬೆಳೆಯಾದರೂ ನಮ್ಮ ಬಟ್ಟಲಿಗೆ ಬರುವುದು ಬಹುಮಟ್ಟಿಗೆ ಹಿಂದಿನ ವರ್ಷದ ಬೀಜ. ಆದ್ದರಿಂದ ಯಾವ ಕೊಯ್ಲಿನದು, ಎಂದು ಹುರಿದದ್ದು ಎಂಬ ಎರಡು ಪ್ರಶ್ನೆಗಳನ್ನು ಕುಡಿಯುವ ಮೊದಲೇ ಕೇಳಬೇಕು. ಅಂದು ಮೊದಲ ತೋಟದಲ್ಲಿ ಹಾಗೆ ಕೇಳದೆ ನಾವು ಮೋಸಹೋದೆವು. ತೋಟದ ಕಾಫಿ ಎಂದು ಹಣ ಪಡೆದು ಕೊಟ್ಟದ್ದು ಚಿಕೋರಿ ಬೆರೆಸಿದ ಪುಡಿಯ ಡಿಕಾಕ್ಷನ್ ಆಗಿತ್ತು. ಚಿಕೋರಿಯ ಕಾಫಿ ಮನೆಯಲ್ಲಿ ನನಗೂ ಇಷ್ಟವೇ. ಆದರೆ ತೋಟದ ಗುಣ ತಿಳಿಯಲು ಬಂದವರಿಗೆ ಅದನ್ನು ಕೊಡುವುದು ಸರಿಯಲ್ಲ. ಎರಡನೆಯ ತೋಟದವರು ಕ್ರಮವಾಗಿ ಮಾಡಿದರು. ಪ್ರತಿ ಬಟ್ಟಲಿಗೂ ಎಂಟು ಗ್ರಾಂಗಿಂತ ತುಸು ಹೆಚ್ಚು ತರಿಪುಡಿಯನ್ನು ತೂಗಿ ಹಾಕಿ, 150 ಮಿ.ಲೀ. ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಟ್ಟರು. ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಚಮಚದ ಬೆನ್ನಿನಿಂದ ಮೆಲ್ಲನೆ ಒಡೆದಾಗ ಎದ್ದ ಘಮ ಕಿತ್ತಳೆಯ ಸಿಪ್ಪೆ ಹಿಂಡಿದಂತಿತ್ತು. ಬಟ್ಟಲು ಆರುತ್ತ ಬಂದಂತೆ ಹುಳಿ ಮೃದುವಾಗಿ ಸಿಹಿ ಹೆಚ್ಚಾದದ್ದನ್ನು ಭಾವನವರೇ ಮೊದಲು ಗುರುತಿಸಿದರು.

ಸಿದ್ದಾಪುರದ ಕಡೆಗೆ ಹೋದದ್ದು ಫೆಬ್ರವರಿಯಲ್ಲಿ. ಅಲ್ಲಿ ಒಂದೆಡೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸುಲಿಯದ ಹಣ್ಣು, ಕಣದಲ್ಲಿ ಕಪ್ಪಾಗಿ ಒಣಗುತ್ತಿತ್ತು, ಇನ್ನೊಂದೆಡೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿದ್ದ ತೋಟ ಬೆಳ್ಳಗೆ ಅರಳಿ ನಿಂತಿತ್ತು. ರೋಬಸ್ಟಾದ ಹೂವಿಗೆ ಬೇರೆ ಗಿಡದ ಪರಾಗವೇ ಬೇಕಾದ್ದರಿಂದ ಜೇನುನೊಣಗಳ ಸದ್ದು ತೋಟದ ತುಂಬ ಕೇಳುತ್ತಿತ್ತು. ನೋಡುವುದಕ್ಕೆ ಮೂರರಲ್ಲಿ ಇದೇ ಶ್ರೇಷ್ಠ ದಾರಿ. ನಾಲಿಗೆಯ ಮಟ್ಟಿಗೆ ಮಾತು ಬೇರೆ. ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುವ ರೋಬಸ್ಟಾದ ಮೂರನೆಯ ಬಟ್ಟಲಿಗೇ ನನ್ನ ನಾಲಿಗೆ ದಣಿದಿತ್ತು. ಸಿಪ್ಪೆಯೊಡನೆ ಒಣಗಿಸಿದ ಚೆರಿ ಹುರಿದ ಕಡಲೆಕಾಯಿಯನ್ನೂ ಒದ್ದೆ ಮರವನ್ನೂ ನೆನಪಿಸಿದರೆ, ಪಲ್ಪ್ ಮಾಡಿ ತೊಳೆದ ಅದೇ ತೋಟದ ರೋಬಸ್ಟಾ ಪಾರ್ಚ್‌ಮೆಂಟ್ ಎಷ್ಟೋ ಶುಚಿಯಾಗಿ, ದಪ್ಪವಾಗಿ, ಕಹಿ ಚಾಕೊಲೇಟಿನಂತೆ ಉಳಿಯಿತು. ರೋಬಸ್ಟಾ ಎಂದರೆ ಬರೀ ಬಲಕ್ಕೆ ಬೆರೆಸುವ ಬೀಜ ಎಂದು ಇಷ್ಟು ವರ್ಷ ನಂಬಿದ್ದ ನನಗೆ ಆ ಒಂದು ಬಟ್ಟಲು ಅಭಿಪ್ರಾಯ ಬದಲಿಸಿತು.

ವಯನಾಡಿನ ದಾರಿಯನ್ನು ಒಂದು ದಿನಕ್ಕೆ ನಾನು ಶಿಫಾರಸು ಮಾಡುವುದಿಲ್ಲ. 2019ರಲ್ಲಿ ಕೊಡಗಿನ ಅರೇಬಿಕಾಕ್ಕೂ ವಯನಾಡಿನ ರೋಬಸ್ಟಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದರಿಂದ ಎರಡನ್ನೂ ಒಂದೇ ದಿನ ಸವಿಯುವ ಆಸೆ ಸಹಜ. ಆದರೆ ವಿರಾಜಪೇಟೆ, ಗೋಣಿಕೊಪ್ಪದ ಮೇಲಾಗಿ ಕುಟ್ಟ ತಲುಪಲೇ ಸುಮಾರು 80 ಕಿ.ಮೀ. ಆಗುತ್ತದೆ, ತೋಲ್ಪೆಟ್ಟಿಯ ಕಾಡು ದಾಟಿ ಆಚೆಯ ತೋಟ ಸೇರುವಾಗ ಮಧ್ಯಾಹ್ನವಾಗಿತ್ತು. ಗೋಣಿಕೊಪ್ಪದಲ್ಲಿ ತಿಂದ ಪಂದಿಕರಿಯ ಕಾಚಂಪುಳಿಯ (ಕೊಡಗಿನ ಕಪ್ಪು ಹಣ್ಣಿನ ಹುಳಿರಸ) ಹುಳಿ, ಮೆಣಸಿನ ಖಾರ ಇನ್ನೂ ಬಾಯಲ್ಲೇ ಇತ್ತು. ಅಲ್ಲಿ ಕುಡಿದ ಕಾಫಿಯ ಬಗ್ಗೆ ನ್ಯಾಯವಾಗಿ ಏನನ್ನೂ ಹೇಳಲಾರೆ. ಅಲ್ಲಿಗೆ ಒಂದು ರಾತ್ರಿ ತಂಗುವಂತೆ ಹೋಗಬೇಕು.

ಬೇರೆ ಬೇರೆ ದಿನ ಕುಡಿದದ್ದನ್ನು ನೆನಪಿನಿಂದ ತೂಗುವುದು ಸರಿಯಲ್ಲವೆಂದು ಸೋಮವಾರಪೇಟೆಯ ಅರೇಬಿಕಾವನ್ನೂ ಸಿದ್ದಾಪುರದ ತೊಳೆದ ರೋಬಸ್ಟಾವನ್ನೂ ತಲಾ ಕಾಲು ಕಿಲೋ ಹಸಿಬೀಜವಾಗಿಯೇ ತಂದು, ಒಂದೇ ದಿನ ಒಂದೇ ಹದಕ್ಕೆ ಹುರಿದು, ಮರುದಿನ ಬೆಳಿಗ್ಗೆ ತಿಂಡಿಗೂ ಮೊದಲು ಅಕ್ಕಪಕ್ಕ ಇಟ್ಟು ನೋಡಿದೆವು. ಹಾಲಿಲ್ಲದೆ ಅರೇಬಿಕಾ ಮುಂದಿತ್ತು, ಅದರಲ್ಲಿ ನಮ್ಮಿಬ್ಬರಿಗೂ ಸಂಶಯವಿರಲಿಲ್ಲ. ಹಾಲು ಹಾಕಿದೊಡನೆ ಅದರ ಕಿತ್ತಳೆಯ ಘಮ ಅಡಗಿ, ರೋಬಸ್ಟಾ ಎದ್ದು ನಿಂತಿತು. ಬೆಲ್ಲದ ಕಾಫಿಗೂ ರೋಬಸ್ಟಾವೇ ಒಪ್ಪಿತು.

ಈ ಪರೀಕ್ಷೆಯ ನಂತರ ನೆಂಟರಿಗೆ ನಾನು ಹೇಳುವ ದಾರಿ ಮೂರನ್ನೂ ಬಿಟ್ಟು ನಾಲ್ಕನೆಯದು. ಜನವರಿಯಲ್ಲಿ ಅರೇಬಿಕಾದ ಕೊನೆಯ ಕೊಯ್ಲೂ ರೋಬಸ್ಟಾದ ಮೊದಲ ಕೊಯ್ಲೂ ಸೇರುತ್ತವೆ. ಆಗ ಬೆಳಿಗ್ಗೆ ಏಳಕ್ಕೆ ಮಡಿಕೇರಿ ಬಿಟ್ಟು, ಸುಂಟಿಕೊಪ್ಪದ ಬಳಿಯ ಅರೇಬಿಕಾ ತೋಟವೊಂದರಲ್ಲಿ ನಾಲ್ಕು ಬಟ್ಟಲು ಮುಗಿಸಿ, ಕಾಫಿ ಸಂಶೋಧನಾ ಉಪಕೇಂದ್ರವಿರುವ ಚೆಟ್ಟಳ್ಳಿಯ ಮೇಲಾಗಿ ಸಿದ್ದಾಪುರಕ್ಕೆ ಇಳಿದು, ಅಲ್ಲಿ ರೋಬಸ್ಟಾ ಮೂರು ಬಟ್ಟಲಿಗೆ ನಿಲ್ಲಿಸಬೇಕು. ತೋಟದವರಿಗೆ ಎರಡು ದಿನ ಮೊದಲೇ ಫೋನ್ ಮಾಡಿ ಚಿಕೋರಿ ಬೇಡವೆಂದು ತಿಳಿಸಿರಬೇಕು. ನಡುವೆ ತಿನ್ನಲು ಸಪ್ಪೆ ಅಕ್ಕಿ ರೊಟ್ಟಿ ಸಾಕು. ಪಂದಿಕರಿ ರಾತ್ರಿಯ ಊಟಕ್ಕೆ ಇರಲಿ.