ದೊಡ್ಡ ಪರದೆಯಲ್ಲಿ ನೋಡಿದರೆ ಇಷ್ಟ ಆಗುತ್ತೆ ಅಂತ ನಂಬಿ ಹೋಗಬೇಡಿ

ಬಾಹ್ಯಾಕಾಶದ ಕಥೆಯ ಇಂಗ್ಲಿಷ್ ಸಿನಿಮಾ ‘ಇಂಟರ್‌ಸ್ಟೆಲ್ಲರ್’ ಮೊದಲ ಸಲ ನೋಡಿ ಇಷ್ಟ ಆಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಷ್ಟಪಟ್ಟವರ ಜೊತೆ ನನಗೆ ಜಗಳ ಇಲ್ಲ. ಕಥೆಯ ಕೊನೆಯನ್ನೂ ಹೇಳುತ್ತೇನೆ, ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿಬಿಡಿ.

2014ರ ಈ ಸಿನಿಮಾವನ್ನು ನಾನು ನೋಡಿದ್ದು ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಮನಸ್ಸಿಗೆ ಹತ್ತಲಿಲ್ಲ. ಹಾಗಂದಾಗಲೆಲ್ಲ ಒಂದೇ ಮಾತು ಕೇಳಬೇಕಾಗುತ್ತಿತ್ತು: “ಲ್ಯಾಪ್‌ಟಾಪಲ್ಲಿ ನೋಡಿದ್ರೆ ಏನು ಗೊತ್ತಾಗುತ್ತೆ?” ಕೇಳಿ ಕೇಳಿ ತಪ್ಪು ನನ್ನದೇ ಇರಬೇಕು ಅನಿಸಿಬಿಟ್ಟಿತ್ತು. 2025ರ ಫೆಬ್ರವರಿ 7ಕ್ಕೆ ನಮ್ಮ ದೇಶದಲ್ಲಿ ಮರುಬಿಡುಗಡೆ ಆದಾಗ ತಮ್ಮ ಬಿಡಲೇ ಇಲ್ಲ. “ಅಕ್ಕಾ, ಐಮ್ಯಾಕ್ಸಲ್ಲಿ ಒಂದು ಸಲ ನೋಡು, ಆಮೇಲೆ ಮಾತಾಡು” ಅಂದ. ಐಮ್ಯಾಕ್ಸ್ ಅಂದರೆ ಮಾಮೂಲಿಗಿಂತ ತುಂಬಾ ದೊಡ್ಡ, ಎತ್ತರದ ಪರದೆ. ಉಳಿದಿದ್ದು ಮುಂದಿನಿಂದ ಎರಡನೇ ಸಾಲಿನ ಸೀಟು, ಅದೂ ರಾತ್ರಿ ಆಟ. ಪಾಪ್‌ಕಾರ್ನ್ ಸೇರಿ ಇಬ್ಬರಿಗೆ ಎರಡು ಸಾವಿರ ದಾಟಿತು.

ಈ ಸಿನಿಮಾದ ಒಂದು ಗಂಟೆಗೂ ಜಾಸ್ತಿ ಭಾಗವನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಆ ಭಾಗ ಬಂದಾಗ ಚಿತ್ರ ಮೇಲಕ್ಕೂ ಕೆಳಕ್ಕೂ ಹಿಗ್ಗುತ್ತದೆ. ಹಿಂದೆ ಕೂತವರಿಗೆ ಅದು ಹಬ್ಬ. ಎರಡನೇ ಸಾಲಿನಲ್ಲಿ ಕೂತವರಿಗೆ ಪಾತ್ರದ ಹಣೆ ನೋಡಿದರೆ ಗಲ್ಲ ಕಾಣುವುದಿಲ್ಲ. ಇಂಥ 169 ನಿಮಿಷ. ಮರುದಿನ ಕತ್ತು ಆಡಿಸಲಿಕ್ಕೆ ಆಗಲಿಲ್ಲ.

ಶಬ್ದದ್ದು ಇನ್ನೊಂದು ಕಷ್ಟ. ಹ್ಯಾನ್ಸ್ ಝಿಮ್ಮರ್ ಸಂಗೀತಕ್ಕೆ ಲಂಡನ್ನಿನ ಟೆಂಪಲ್ ಚರ್ಚಿನ ಆರ್ಗನ್ ನುಡಿಸಿದ್ದಾರೆ. ಎದೆ ನಡುಗುತ್ತದೆ, ನಿಜ. ಆದರೆ ಮಾತು ಮುಳುಗಿಹೋಗುತ್ತದೆ. ಮೊದಲ ಬಿಡುಗಡೆಯಲ್ಲೇ ಈ ದೂರಿತ್ತು, ಬೇಕಂತಲೇ ಹಾಗೆ ಮಾಡಿದ್ದು ಅಂತ ನಿರ್ದೇಶಕ ನೋಲನ್ ಹೇಳಿದ್ದರು. ನಮ್ಮ ಆಟಕ್ಕೆ ಸಬ್‌ಟೈಟಲ್ ಕೂಡ ಇರಲಿಲ್ಲ. ಸಾಯುವ ಹೊತ್ತಲ್ಲಿ, ನೌಕೆ ಕಳಿಸಿದ್ದ ಪ್ರೊಫೆಸರ್ ಒಂದು ನಿಜ ಒಪ್ಪಿಕೊಳ್ಳುತ್ತಾರಲ್ವಾ, ಇಡೀ ಕಥೆ ತಿರುಗುವುದೇ ಅಲ್ಲಿ. ಪಕ್ಕದ ಹುಡುಗಿ “ಏನಂದ್ರು?” ಅಂತ ನನ್ನನ್ನೇ ಕೇಳಿದಳು.

ಇಷ್ಟೇ ಆಗಿದ್ದರೆ ಸೀಟು, ಸ್ಪೀಕರ್ ಅಂತ ಬೈದು ಸುಮ್ಮನಾಗುತ್ತಿದ್ದೆ. ನನಗೆ ನಿಜವಾಗಿ ನೋವಾಗಿದ್ದು ನಾಯಕ ಕೂಪರ್‌ನ ಮಗ ಟಾಮ್ ವಿಷಯದಲ್ಲಿ.

ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ. ಮಕ್ಕಳನ್ನು ಭೂಮಿಯಲ್ಲಿ ಬಿಟ್ಟು, ಮನುಷ್ಯರು ಬದುಕಬಹುದಾದ ಬೇರೆ ಗ್ರಹ ಹುಡುಕಲು ಹೊರಟ ಕೂಪರ್ ಅಲ್ಲಿಂದ ನೌಕೆಗೆ ವಾಪಸ್ ಬರುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ಕೂತು ಮಕ್ಕಳು ಕಳಿಸಿದ ವಿಡಿಯೊಗಳನ್ನು ಒಂದೊಂದಾಗಿ ನೋಡುತ್ತಾನೆ. ಆ ದೃಶ್ಯದಲ್ಲಿ ನನಗೂ ಅಳು ಬಂತು. ಅಷ್ಟು ವರ್ಷ ಬಿಡದೆ ವಿಡಿಯೊ ಕಳಿಸಿದವನು ಮಗ ಟಾಮ್. ತಾತ ಹೋಗಿಬಿಟ್ಟರು ಅಂತ ಹೇಳುವವನೂ ಅವನೇ. ಓದು ನಿನಗಲ್ಲ, ಹೊಲ ಮಾಡು ಅಂತ ಶಾಲೆಯವರು ತೀರ್ಮಾನ ಮಾಡಿದ್ದ ಹುಡುಗ, ಧೂಳಿನಲ್ಲೇ ಜೋಳ ಬೆಳೆದುಕೊಂಡು ಅಲ್ಲೇ ಉಳಿದವನು. ಕೊನೆಯಲ್ಲಿ ಆಸ್ಪತ್ರೆಯಲ್ಲಿ ಎಚ್ಚರವಾದ ಅಪ್ಪ ಮಗಳು ಮರ್ಫ್ ಬಗ್ಗೆ ಕೇಳುತ್ತಾನೆ. ಟಾಮ್ ಏನಾದ ಅಂತ ಒಂದು ಮಾತೂ ಇಲ್ಲ.

ನಮ್ಮ ಮನೆಯಲ್ಲೂ ಊರಲ್ಲಿ ಉಳಿದು ಹೊಲ ನೋಡಿಕೊಂಡವನು ದೊಡ್ಡಣ್ಣ. ಅವನು ಅಲ್ಲಿ ಉಳಿದಿದ್ದರಿಂದಲೇ ನಾನೂ ತಮ್ಮನೂ ಇಲ್ಲಿಗೆ ಬಂದು ಓದಿದ್ದು. ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಏನೋ ಸರಿ ಇಲ್ಲ ಅನಿಸಿತ್ತು, ಏನು ಅಂತ ಹೊಳೆದಿರಲಿಲ್ಲ. ಅಷ್ಟು ದೊಡ್ಡ ಪರದೆಯಲ್ಲಿ ಆ ಮರೆವೂ ದೊಡ್ಡದಾಗಿ ಕಂಡಿತು. ಪ್ರೀತಿ ಕಾಲವನ್ನೂ ದೂರವನ್ನೂ ದಾಟುತ್ತೆ ಅಂತ ಮೂರು ಗಂಟೆ ಹೇಳುವ ಸಿನಿಮಾ ಒಬ್ಬ ಮಗನನ್ನೇ ದಾಟಿಕೊಂಡು ಹೋಗಿಬಿಡುತ್ತದೆ.

ಆಚೆ ಬಂದಾಗ ಒಂದೂವರೆ. ಆಟೋದಲ್ಲಿ ತಮ್ಮನಿಗೆ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಲ್ವಾ, ಕೇಳೋದೇ ಇಲ್ಲ” ಅಂದ.

ಹಾಗಾಗಿ, ಚಿತ್ರ ಚಿಕ್ಕದಿತ್ತು, ಸೌಂಡ್ ಸಾಲಲಿಲ್ಲ ಅನ್ನುವುದಷ್ಟೇ ನಿಮ್ಮ ತಕರಾರಾಗಿದ್ದರೆ, ಮತ್ತೆ ಥಿಯೇಟರಿಗೆ ಬಂದಾಗ ಧೈರ್ಯವಾಗಿ ಹೋಗಿ. ತಕರಾರು ಕಥೆಯದ್ದಾಗಿದ್ದರೆ ದುಡ್ಡು ಉಳಿಸಿಕೊಳ್ಳಿ. ಯಾರೋ ಹೇಳಿದರು ಅಂತ ನಿಮ್ಮ ಅಭಿರುಚಿಯನ್ನು ಅನುಮಾನಿಸಬೇಡಿ. ಹೋಗುವುದೇ ಆದರೆ ಹಿಂದಿನ ಅರ್ಧದಲ್ಲಿ ನಡುವಿನ ಸೀಟು ಸಿಕ್ಕಿದರೆ ಮಾತ್ರ ಬುಕ್ ಮಾಡಿ, ಸಬ್‌ಟೈಟಲ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ರಾತ್ರಿ ಆಟಕ್ಕಂತೂ ಬೇಡ.