ಲಾರಿಗೆ ಡೇಟಾ ಪೆಟ್ಟಿಗೆ ಹಾಕಿಸುವವರು ಮೊದಲು ವೈರಿಂಗ್ ನೋಡಿಕೊಳ್ಳಿ

ಕಳಂಬೋಲಿ, ಭಿವಂಡಿ, ಚಾಕಣ ಭಾಗಗಳಲ್ಲಿ ಲಾರಿ ಮತ್ತು ಟ್ರೇಲರ್ ಇಟ್ಟುಕೊಂಡು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಕಡೆಗೆ ಸಾಗಣೆ ನಡೆಸುತ್ತಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ನಿನ ಮಾಹಿತಿಯನ್ನು ಮೊಬೈಲಿಗೆ ಕಳುಹಿಸುವ, ‘ಗಾಡಿ ಕೆಡುವ ಮೊದಲೇ ತಿಳಿಸುತ್ತೇವೆ’ ಎಂಬ ಭರವಸೆಯೊಡನೆ ಮಾರಲಾಗುವ ಪೆಟ್ಟಿಗೆಯೊಂದನ್ನು ನಮ್ಮ ಗಾಡಿಗಳಿಗೆ ಹಾಕಿಸಿದ್ದೆವು. ಆ ಪೆಟ್ಟಿಗೆಯನ್ನು ಜೋಡಿಸಿದ ರೀತಿಯಿಂದಾಗಿ ಒಂದು ಟ್ರೇಲರಿನ ಎಂಜಿನ್ ಬಿಚ್ಚಬೇಕಾಯಿತು, ವಾರಂಟಿಯೂ ಕೈತಪ್ಪಿತು. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇದೇ ಬಗೆಯ ಕೆಲಸ ಮಾಡುವವರು ಒಬ್ಬರಲ್ಲ.

ಇಂಥ ಪೆಟ್ಟಿಗೆಗೆ ಬೇಡಿಕೆ ಬರಲು ನಿಜವಾದ ಕಾರಣವಿದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಲಾರಿಯ ಹೊಗೆ ಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ, ಅವುಗಳ ಸುತ್ತ ಹಲವಾರು ಸೆನ್ಸರುಗಳು ಸೇರಿಕೊಂಡವು. ನ್ಹಾವಾ ಶೇವಾ ಬಂದರಿನ ಮುಂದೆ ಸಾಲಿನಲ್ಲಿ ಗಂಟೆಗಟ್ಟಲೆ ತೆವಳುವ ಗಾಡಿಯ ಹೊಗೆ ಸಾಕಷ್ಟು ಬಿಸಿಯಾಗದೆ ಮಸಿ ಸುಟ್ಟುಹೋಗುವುದಿಲ್ಲ; ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ಇದನ್ನು ಮೊದಲೇ ಕಂಡುಕೊಂಡರೆ ವರ್ಕ್‌ಶಾಪಿನಲ್ಲಿ ಕೆಲವೇ ಗಂಟೆಗಳಲ್ಲಿ ಸರಿಪಡಿಸಬಹುದು, ಕಾಣದೆ ಹೋದರೆ ಹೆದ್ದಾರಿಯಲ್ಲಿ ಕ್ರೇನ್ ಕರೆಸಬೇಕಾಗುತ್ತದೆ. ಆದ್ದರಿಂದ ಗಾಡಿಯ ಡೇಟಾ ನೋಡುವುದು ಬೇಡವೆಂದು ನಾನು ಹೇಳುತ್ತಿಲ್ಲ. ಟಾಟಾದ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡಿನ ಐ-ಅಲರ್ಟ್, ಭಾರತ್‌ಬೆಂಜ್‌ನ ಟ್ರಕ್‌ಕನೆಕ್ಟ್ ಹೀಗೆ ತಯಾರಕರೇ ಇಂಥ ಸೌಲಭ್ಯ ಕೊಡುತ್ತಾರೆ. ಎರಡು ಮೂರು ಕಂಪನಿಗಳ ಗಾಡಿ ಇಟ್ಟುಕೊಂಡವರಿಗೆ ಅಷ್ಟೂ ಆ್ಯಪ್‌ಗಳನ್ನು ನೋಡುವ ತೊಂದರೆ. ‘ಎಲ್ಲ ಗಾಡಿಗಳೂ ಒಂದೇ ಪರದೆಯಲ್ಲಿ’ ಎಂಬ ಮಾತಿಗೆ ಗಿರಾಕಿ ಸಿಗುವುದು ಅಲ್ಲಿಯೇ.

ಈಗ ವೈರಿಂಗ್ ವಿಷಯ. ಭಾರಿ ವಾಹನಗಳಲ್ಲಿ ಎಂಜಿನ್, ಬ್ರೇಕ್, ಡ್ಯಾಶ್‌ಬೋರ್ಡ್ ಇವುಗಳ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುವುದು ಹೆಣೆದ ಎರಡು ವೈರುಗಳ ಮೇಲೆ. ಆ ದಾರಿಗೆ ಕ್ಯಾನ್ ಬಸ್ ಎಂದೂ ಅಲ್ಲಿ ಬಳಸುವ ನಿಯಮಾವಳಿಗೆ ಜೆ1939 ಎಂದೂ ಹೆಸರು. ಈ ಜೋಡಿಯ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಎರಡು ವೈರುಗಳ ನಡುವೆ ಮೀಟರ್ ಇಟ್ಟರೆ ಸುಮಾರು 60 ಓಮ್ ತೋರಿಸಬೇಕು. ಪೆಟ್ಟಿಗೆ ಕೂರಿಸಲು ಬಂದ ಹುಡುಗರು ದೋಷ ಪರೀಕ್ಷೆಗೆಂದೇ ಗಾಡಿಯಲ್ಲಿರುವ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಪಿನ್ ಹಾಕುವ ಬದಲು, ‘ಡ್ರೈವರ್ ಕಿತ್ತುಹಾಕುತ್ತಾನೆ’ ಎಂಬ ನೆಪ ಹೇಳಿ ಡ್ಯಾಶ್‌ಬೋರ್ಡಿನ ಹಿಂದೆ ಕಂಪನಿಯ ವೈರಿಂಗ್ ಕಂತೆಯನ್ನೇ ಸುಲಿದು, ಹೆಣೆಯದ ಉದ್ದ ವೈರನ್ನು ತಿರುಚಿ ಸೇರಿಸಿ, ಮೇಲೆ ಟೇಪ್ ಸುತ್ತಿ ಹೋದರು. ಪೆಟ್ಟಿಗೆಯೊಳಗೆ ಇನ್ನೊಂದು 120 ಓಮ್ ರೆಸಿಸ್ಟರ್ ಇತ್ತು. ಇದೆಲ್ಲ ನಮಗೆ ತಿಳಿದದ್ದು ಎಂಜಿನ್ ಹಾಳಾದ ಮೇಲೆ, ಅಧಿಕೃತ ವರ್ಕ್‌ಶಾಪಿನಲ್ಲಿ ಅಳೆದಾಗ ಮೀಟರ್ 40 ಓಮ್ ತೋರಿಸಿದ ದಿನ. ಅಷ್ಟರಲ್ಲಿ ಕೊಂಕಣದ ಮಳೆಗೆ ಟೇಪಿನೊಳಗೆ ನೀರಿಳಿದು ತಾಮ್ರವೂ ಹಸಿರುಗಟ್ಟಿತ್ತು.

ಇದರ ಫಲ ಮಳೆಗಾಲದಲ್ಲೇ ಕಾಣಿಸಿಕೊಂಡಿತು. ಆ್ಯಪಿನಲ್ಲಿ ಆಯಿಲ್ ಪ್ರೆಷರ್, ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ), ಯೂರಿಯಾ ಎಂದು ಒಂದರ ಮೇಲೊಂದು ಕೆಂಪು ಚುಕ್ಕೆಗಳು ಮೂಡುತ್ತಿದ್ದವು, ಮೇಸ್ತ್ರಿ ನೋಡಿದರೆ ಗಾಡಿಯಲ್ಲಿ ಏನೂ ದೋಷ ಇರುತ್ತಿರಲಿಲ್ಲ. ದೂರು ಕೊಟ್ಟಾಗಲೆಲ್ಲ ಕಂಪನಿಯ ಸಹಾಯವಾಣಿಯಿಂದ ಬರುತ್ತಿದ್ದ ಉತ್ತರ ಒಂದೇ: ‘ಸೆನ್ಸರ್ ತೊಂದರೆ, ಗಾಡಿ ಓಡಿಸಬಹುದು.’ ಕೆಲವು ಉತ್ತರಗಳು ವಾಟ್ಸ್‌ಆ್ಯಪಿನಲ್ಲಿ ಲಿಖಿತವಾಗಿಯೇ ಇವೆ.

ಹುಬ್ಬಳ್ಳಿಗೆ ಲೋಡ್ ಹೊತ್ತ ಟ್ರೇಲರ್ ಪುಣೆ ದಾಟಿ ಖಂಬಾಟಕಿ ಘಾಟಿ ಏರುತ್ತಿದ್ದಾಗ ಮತ್ತೆ ಕೂಲಂಟಿನ ಕೆಂಪು ಚುಕ್ಕೆ ಬಂತು. ಎಂಜಿನ್ ಎಳೆಯುತ್ತಿಲ್ಲವೆಂದು ನಮ್ಮ ಡ್ರೈವರ್ ಸಹಾಯವಾಣಿಗೆ ತಿಳಿಸಿದ. ಅಲ್ಲಿಂದ ಬಂದದ್ದು ಅದೇ ಹಳೆಯ ಉತ್ತರ, ಜೊತೆಗೆ ‘ಸೆನ್ಸರ್ ಕೆಟ್ಟರೆ ಪವರ್ ಇಳಿಯುತ್ತದೆ’ ಎಂಬ ವಿವರಣೆ. ನಿಜವಾಗಿ ರೇಡಿಯೇಟರಿನ ಹೋಸ್ ಸೀಳಿ ನೀರು ಸೋರಿ ಹೋಗಿತ್ತು. ಘಾಟಿ ಮುಗಿಯುವ ಮೊದಲೇ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಹೋಯಿತು.

ಇಲ್ಲಿ ನನ್ನ ಮುಖ್ಯ ಆಕ್ಷೇಪ ಆ ಕೆಂಪು ಚುಕ್ಕೆಯ ಮೇಲಿದೆ. ಜೆ1939ರಲ್ಲಿ ಪ್ರತಿ ದೋಷಕ್ಕೂ ಎರಡು ಸಂಖ್ಯೆಗಳಿರುತ್ತವೆ: ಯಾವ ಭಾಗವೆಂದು ಹೇಳುವ ಎಸ್‌ಪಿಎನ್, ಏನಾಗಿದೆಯೆಂದು ಹೇಳುವ ಎಫ್‌ಎಂಐ. ಎಸ್‌ಪಿಎನ್ 110 ಎಂದರೆ ಕೂಲಂಟಿನ ಶಾಖ. ಅದರೊಡನೆ ಎಫ್‌ಎಂಐ 3 ಅಥವಾ 4 ಬಂದರೆ ಸೆನ್ಸರಿನ ಸರ್ಕಿಟ್ಟಿನಲ್ಲಿ ವೋಲ್ಟೇಜ್ ದೋಷ. ಎಚ್ಚರಿಕೆಯಿಂದ ಮುಂದಿನ ವರ್ಕ್‌ಶಾಪಿನವರೆಗೆ ಹೋಗಬಹುದು. ಎಫ್‌ಎಂಐ 0 ಬಂದರೆ ಶಾಖ ನಿಜವಾಗಿಯೇ ಅತಿಯಾಗಿ ಏರಿದೆ, ಗಾಡಿಯನ್ನು ಆ ಕ್ಷಣವೇ ಬದಿಗೆ ಹಾಕಬೇಕು. ಎಂಜಿನ್ನಿನ ಕಂಪ್ಯೂಟರಿನಲ್ಲಿ ಆ ದಿನದ ದಾಖಲೆ ಎಸ್‌ಪಿಎನ್ 110, ಎಫ್‌ಎಂಐ 0 ಎಂದು ಸ್ಪಷ್ಟವಾಗಿತ್ತು. ನಮಗೆ ಮಾರಿದ ಆ್ಯಪ್ ಸೆನ್ಸರ್ ದೋಷವನ್ನೂ ನಿಜವಾದ ಶಾಖವನ್ನೂ ಒಂದೇ ಕೆಂಪು ಚುಕ್ಕೆಯಾಗಿ ತೋರಿಸುತ್ತಿತ್ತು, ಸಹಾಯವಾಣಿಯಲ್ಲಿ ಕುಳಿತವರ ಪರದೆಯಲ್ಲೂ ಅಷ್ಟೇ. ಡ್ರೈವರಿಗೆ ಅರ್ಥವಾಗುವುದಿಲ್ಲವೆಂದು ಸಂಖ್ಯೆ ಮರೆಮಾಡಿದ್ದೇವೆ ಎಂಬ ಅವರ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ನಾಲ್ಕು ಭಾಷೆಗಳಲ್ಲಿ ಲೋಡ್ ಚೀಟಿ ಓದಿಕೊಂಡು ಐದು ರಾಜ್ಯ ಸುತ್ತುವ ಡ್ರೈವರಿಗೆ ಸೊನ್ನೆಗೂ ಮೂರಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಸಂಗತಿ ಜಗಳವಾದಾಗ ಹೊರಬಂತು. ಗಾಡಿ ಎಲ್ಲಿದೆಯೆಂಬುದು ನಿಮಿಷಕ್ಕೊಮ್ಮೆ ಬರುತ್ತಿದ್ದರೂ ಎಂಜಿನ್ನಿನ ಶಾಖ, ಒತ್ತಡ ಮೊದಲಾದ ಅಂಕಿಗಳು ನಮ್ಮ ಪ್ಲ್ಯಾನಿನಲ್ಲಿ 15 ನಿಮಿಷಕ್ಕೊಮ್ಮೆ ಮಾತ್ರ ಬರುತ್ತಿದ್ದವು. ಮಾರುವಾಗ ‘ಲೈವ್’ ಎಂದಿದ್ದರು. ನೀರು ಸೋರಿದ ಎಂಜಿನ್ ಘಾಟಿಯಲ್ಲಿ ಬಿಸಿಯೇರಿ ಹಾಳಾಗಲು ಅಷ್ಟು ಸಮಯ ಬೇಡ.

ವಾರಂಟಿ ಕೇಳಿದಾಗ ವರ್ಕ್‌ಶಾಪಿನವರು ಸುಲಿದ ವೈರಿಂಗಿನ ಫೋಟೊ ತೆಗೆದು, ಹೊರಗಿನವರು ಕೈಹಾಕಿದ ಗಾಡಿ ಎಂದು ಬರೆದು ತಿರಸ್ಕರಿಸಿದರು. ಡೇಟಾ ಕಂಪನಿಯಿಂದ ಆ ದಿನದ ಪೂರ್ತಿ ದಾಖಲೆ ಕೇಳಿದರೆ ಬಣ್ಣದ ಚಿತ್ರಗಳಿರುವ ಎರಡು ಪುಟದ ವರದಿ ಕೊಟ್ಟು, ಮೂಲ ದಾಖಲೆ ತಮ್ಮ ಸ್ವತ್ತು ಎಂಬ ಕರಾರಿನ ಕಲಮು ತೋರಿಸಿದರು. ನಮ್ಮ ಗಾಡಿಯಿಂದ ಹೊರಟ ಅಂಕಿ ನಮ್ಮ ಕೈಗೆ ಸಿಗದೆ ಪರಿಹಾರದ ಬೇಡಿಕೆ ಅಲ್ಲೇ ನಿಂತಿದೆ. ಸರಕನ್ನು ಬೇರೆ ಗಾಡಿಗೆ ಬದಲಿಸಿ, ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ಪತ್ರವಾದ ಇ-ವೇ ಬಿಲ್ಲಿನ ‘ಭಾಗ ಬಿ’ಯಲ್ಲಿ ಹೊಸ ಗಾಡಿ ನಂಬರ್ ಹಾಕಿ ಕಳಿಸಿದ್ದರಿಂದ ದಂಡವೊಂದು ತಪ್ಪಿತು. ಆ ಬಿಲ್ಲಿನ ಅವಧಿ ಮೀರುವಂತಿದ್ದರೆ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ವಿಸ್ತರಿಸಲು ಅವಕಾಶವಿದೆ. ದಾರಿಯಲ್ಲಿ ಗಾಡಿ ನಿಂತವರು ಇದನ್ನು ಮೊದಲು ನೋಡಿಕೊಳ್ಳಿ.

ಹೊಸದಾಗಿ ಹಾಕಿಸುವವರು ಸಹಿ ಹಾಕುವ ಮುನ್ನ ಎಸ್‌ಪಿಎನ್ ಮತ್ತು ಎಫ್‌ಎಂಐ ಎರಡೂ ಪರದೆಯಲ್ಲಿ ಬರುವುದನ್ನು ತಮ್ಮದೇ ಗಾಡಿಯಲ್ಲಿ ತೋರಿಸಿಕೊಳ್ಳಲಿ, ಎಂಜಿನ್ ಅಂಕಿಗಳು ಎಷ್ಟು ಹೊತ್ತಿಗೊಮ್ಮೆ ಬರುತ್ತವೆ ಎಂಬುದನ್ನೂ ಮೂಲ ದಾಖಲೆ ಮಾಲೀಕನಿಗೆ ಸಿಗುತ್ತದೆ ಎಂಬುದನ್ನೂ ಕರಾರಿನಲ್ಲಿ ಬರೆಸಿಕೊಳ್ಳಲಿ. ವೈರ್ ಸುಲಿಯುವವರನ್ನು ಗಾಡಿ ಹತ್ತಲು ಬಿಡಬೇಡಿ. ಸಾಕೆಟ್ಟಿಗೆ ಸೇರುವ ಕೇಬಲ್ ಇದೆ, ವೈರನ್ನು ಸುಲಿಯದೆ ಮೇಲಿನಿಂದಲೇ ಓದುವ ಕ್ಲಿಪ್ ಕೂಡ ಇದೆ. ಈಗಾಗಲೇ ಹಾಕಿಸಿಕೊಂಡಿರುವವರು ನಂಬಿಕೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು, ಬ್ಯಾಟರಿ ಬಿಚ್ಚಿಸಿ ಎರಡು ಕ್ಯಾನ್ ವೈರುಗಳ ನಡುವೆ ಅಳೆಯಿಸಿರಿ. 60ರ ಆಸುಪಾಸು ಬಾರದೆ 40 ಬಂದರೆ ಪೆಟ್ಟಿಗೆಯನ್ನು ಕಳಚಿಸಿ, ಆಮೇಲೆ ಲೋಡ್ ಹಾಕಿಸಿ.