ಎರಡು ಚಕ್ರದ ಟ್ರ್ಯಾಕ್ಟರ್ ಟ್ರೇಲರ್: ಆರೇಳು ವರ್ಷ ಎಳೆದ ಮೇಲೆ ಅನ್ನಿಸಿದ್ದು

ಟ್ರೇಲರ್ ಕೊಳ್ಳೋಕೆ ಹೋದವರು ಮೊದಲು ತಗಡು ತಟ್ಟಿ ನೋಡುತ್ತಾರೆ. ಆಮೇಲೆ ಬಣ್ಣ, ಆಮೇಲೆ ಹಿಂಬಾಗಿಲ ಮೇಲೆ ಯಾವ ದೇವರ ಹೆಸರು ಬರೆಸೋದು ಅನ್ನೋ ಚರ್ಚೆ. ಕೆಳಗೆ ಬಗ್ಗಿ ಆಕ್ಸಲ್ ಎಲ್ಲಿ ಕೂತಿದೆ ಅಂತ ನೋಡುವವರು ಕಡಿಮೆ. ಎಳೆಯೋಕೆ ಸಲೀಸೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಮಾತ್ರ ಅಲ್ಲೇ.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಕಡೆ. ಮಾವು, ಟೊಮೆಟೊ, ಬೇಸಿಗೆಯಲ್ಲಿ ಕೆರೆ ಗೋಡು ಮಣ್ಣು, ಮಧ್ಯೆ ತಿಪ್ಪೆ ಗೊಬ್ಬರ. ಇಷ್ಟನ್ನೂ ಮಹೀಂದ್ರಾ 475ರ ಹಿಂದೆ ಕಟ್ಟಿದ, ಡಬ್ಬ ಎತ್ತಿ ಸುರಿಯುವ ಒಂದೇ ಟಿಪ್ಪಿಂಗ್ ಟ್ರೇಲರ್ ಹೊರುತ್ತಿದೆ. ಟೊಮೆಟೊ ಹೊರೋದು ದೊಡ್ಡ ವಿಷಯ ಅಲ್ಲ, 15 ಕೆಜಿಯ ಕ್ರೇಟ್ 150 ಹಾಕಿದರೂ ಎರಡೂಕಾಲು ಟನ್ ಅಷ್ಟೇ. ಹಸಿ ಗೋಡನ್ನು ಅಂಚಿನ ತನಕ ತುಂಬಿದಾಗ ಅದರ ಎರಡರಷ್ಟು ಭಾರ ಸುಲಭವಾಗಿ ದಾಟುತ್ತದೆ. ಟ್ರೇಲರ್ ಯೋಗ್ಯತೆ ಗೊತ್ತಾಗೋದು ಆವಾಗ.

ಎರಡು ಚಕ್ರದ್ದರಲ್ಲಿ ಆಕ್ಸಲ್ ನಡುವಿಗಿಂತ ಸ್ವಲ್ಪ ಹಿಂದೆ ಇರಬೇಕು. ಹಾಗಿದ್ದರೆ ಲೋಡಿನ ಒಂದು ಪಾಲು ಕೊಂಡಿಯ ಮೇಲೆ ಬಿದ್ದು, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನೆಲ ಕಚ್ಚುತ್ತವೆ. ಕೆರೆ ಅಂಗಳದಿಂದ ಏರಿ ಮೇಲೆ ಹತ್ತುವಾಗ ನಾಲ್ಕು ಚಕ್ರದ ಟ್ರೇಲರ್ ಕಟ್ಟಿದ ಪಕ್ಕದ ತೋಟದವರ ಟ್ರ್ಯಾಕ್ಟರ್ ನಿಂತಲ್ಲೇ ಚಕ್ರ ತಿರುಗಿಸುತ್ತಿದ್ದರೆ ನಮ್ಮದು ಹತ್ತುತ್ತಿತ್ತು, ಕಾರಣ ಇದೇ. ಆದರೆ ಆಕ್ಸಲ್ ತೀರಾ ಹಿಂದಕ್ಕೆ ಹೋದರೆ ಕೊಂಡಿಯ ಮೇಲೆ ಭಾರ ಜಾಸ್ತಿಯಾಗಿ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳೋದಿಲ್ಲ. ತೀರಾ ಮುಂದಿದ್ದರೆ ಕೊಂಡಿಯನ್ನೇ ಮೇಲಕ್ಕೆತ್ತುತ್ತದೆ. ಕೊಂಡಿಯನ್ನು ಎತ್ತರದಲ್ಲಿ ಹಾಕೋದಂತೂ ಬೇಡವೇ ಬೇಡ, ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುವುದು ಹಾಗೆಯೇ. ಕಾರಿನ ಹಿಂದೆ ಎಳೆಯುವ ಕ್ಯಾಂಪಿಂಗ್ ಟ್ರೇಲರ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಲ್ಲಿ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು ಅಂತಾರೆ, ಕಡಿಮೆಯಾದರೆ ವೇಗದಲ್ಲಿ ಹಿಂದಿನದು ಓಲಾಡೋಕೆ ಶುರು.

ರಿವರ್ಸ್ ಬಗ್ಗೆ. ನಾಲ್ಕು ಚಕ್ರದ್ದು ಮುಂದಕ್ಕೆ ಚೆನ್ನಾಗಿ ಬರುತ್ತದೆ, ಕೊಂಡಿಗೆ ಭಾರ ಇಲ್ಲ, ಬಿಚ್ಚಿ ನಿಲ್ಲಿಸೋದೂ ಸುಲಭ. ಹಿಂದಕ್ಕೆ ಹಾಕಿ ನೋಡಿ! ಎರಡು ಕಡೆ ತಿರುಗುವುದರಿಂದ ಎಷ್ಟೇ ಅನುಭವ ಇದ್ದರೂ ಬೆವರು ಇಳಿಯುತ್ತದೆ. ಕೋಲಾರ ಎಪಿಎಂಸಿಯಲ್ಲಿ ಸೀಸನ್ ಬೆಳಗ್ಗೆ ಮಂಡಿ ಮುಂದೆ ಸಂದಿಯಲ್ಲಿ ಹಿಂದಕ್ಕೆ ತೂರಿಸಬೇಕು, ಹಿಂದೆ ನಿಂತ ಕ್ಯಾಂಟರ್‌ನವರು ಸುಮ್ನೆ ಇರ್ತಾರಾ? ಎರಡು ಚಕ್ರದ್ದೇ ವಾಸಿ. ಅದರಲ್ಲೂ ಮುಂದಿನ ಎಳೆಯುವ ಕಂಬಿ ಸ್ವಲ್ಪ ಉದ್ದ ಇರುವುದನ್ನೇ ನೋಡಿ, ಗಿಡ್ಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ.

ಬಾಳಿಕೆ ವಿಷಯಕ್ಕೆ ಬಂದರೆ, ತಳದ ತಗಡು ದಪ್ಪ ಇದ್ದೂ ಮೂಲೆಗಳು ತುಕ್ಕು ತಿಂದಿವೆ. ಗೊಬ್ಬರ, ಯೂರಿಯಾ ಹಾಕಿದ ಮೇಲೆ ತೊಳೆಯದೆ ಬಿಟ್ಟರೆ ಯಾವ ಕಬ್ಬಿಣವೂ ಉಳಿಯೋದಿಲ್ಲ. ಮೂಲೆಗಳಲ್ಲಿ ನೀರು ಇಳಿಯೋಕೆ ತೂತು ಹಾಕಿಸಿ, ಒಳಗೆ ರೆಡ್ ಆಕ್ಸೈಡ್ ಹೊಡೆಸಿದ ಮೇಲೆ ತುಕ್ಕು ಹಬ್ಬೋದು ನಿಂತಿದೆ. ಚಾಸಿಗೆ ಏನೂ ಆಗಿಲ್ಲ. ಬೇಸರ ತಂದಿದ್ದು ಟೈರ್: ಮಾಡಿಕೊಟ್ಟ ವರ್ಕ್‌ಶಾಪ್‌ನವರು ಹೊಸದು ಅಂತ ಹೇಳಿ ರೀಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು) ಹಾಕಿಕೊಟ್ಟಿದ್ದರು, ಮೊದಲ ಬೇಸಿಗೆಯಲ್ಲೇ ಪಟ್ಟಿ ಕಿತ್ತು ಬಂತು. ಟೈರ್ ಎಷ್ಟು ಗಟ್ಟಿ ಅಂತ ಹೇಳುವ ಪ್ಲೈ ನಂಬರ್ ಅದರ ಪಕ್ಕದಲ್ಲಿರುತ್ತದೆ, ನೀವೇ ಓದಿ, ತಯಾರಾದ ವಾರ ಮತ್ತು ವರ್ಷವೂ ಅಲ್ಲೇ ನಾಲ್ಕು ಅಂಕಿಯಲ್ಲಿ ಇರುತ್ತದೆ.

ಕುಲುಕು ತಡೆಯುವ ಕಮಾನ್ ಪಟ್ಟಿ (ಸ್ಪ್ರಿಂಗ್) ಇಲ್ಲದ ಟ್ರೇಲರ್ ಅಗ್ಗಕ್ಕೆ ಸಿಗುತ್ತದೆ, ಮಣ್ಣು ಇಟ್ಟಿಗೆಗೆ ನಡೆಯುತ್ತದೆ. ಹಣ್ಣಿಗೆ ಬೇಡ. ಬಾದಾಮಿ ಮಾವು ಹಾಕಿಕೊಂಡು ಗುಂಡಿ ರಸ್ತೆಯಲ್ಲಿ ಬಂದರೆ ಮಂಡಿಯಲ್ಲಿ ಡ್ಯಾಮೇಜ್ ಅಂತ ಎಷ್ಟು ಮುರಿದುಕೊಳ್ಳುತ್ತಾರೆ ಅಂತ ನಿಮಗೇ ಗೊತ್ತು.

ಬೇರಿಂಗ್‌ಗೆ ವರ್ಷಕ್ಕೊಮ್ಮೆ ಗ್ರೀಸ್, ದೂರ ಹೋಗಿ ಬಂದಾಗ ಹಬ್ ಮುಟ್ಟಿ ಬಿಸಿ ನೋಡೋದು, ಹೈಡ್ರಾಲಿಕ್ ಪೈಪಿನ ಬಾಯಿ ಒರೆಸಿ ಸಿಕ್ಕಿಸೋದು, ಇಷ್ಟೇ ಆರೈಕೆ. ಪೈಪಲ್ಲಿ ಮಣ್ಣು ಹೋದರೆ ಕೆಡೋದು ಟ್ರ್ಯಾಕ್ಟರ್ ಪಂಪು. ಡಬ್ಬ ಎತ್ತುವಾಗ ನೆಲ ಸಮ ಇರಲಿ, ಇಲ್ಲದಿದ್ದರೆ ಪಕ್ಕಕ್ಕೆ ಉರುಳುತ್ತದೆ.

ನಮ್ಮದಕ್ಕೆ ಬ್ರೇಕ್ ಇಲ್ಲ, ದೊಡ್ಡ ಕೊರತೆ. ಇಳಿಜಾರಲ್ಲಿ ಹಿಂದಿನಿಂದ ತಳ್ಳುತ್ತದೆ. ಟ್ರ್ಯಾಕ್ಟರಿನ ಎಡ, ಬಲ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ, ಲೋ ಗೇರಲ್ಲಿ ಇಳೀಬೇಕು, ನ್ಯೂಟ್ರಲ್ ಮಾತೇ ಇಲ್ಲ. ಈಗ ಕೊಳ್ಳುವುದಾದರೆ ಬ್ರೇಕ್ ಇರುವುದನ್ನೇ ತಗೋತೀನಿ. ಟ್ರೇಲರ್‌ಗೆ ಬೇರೆ ಆರ್‌ಸಿ ಬೇಕು, ಇನ್ಶೂರೆನ್ಸ್‌ನಲ್ಲೂ ಅದನ್ನು ಸೇರಿಸಿಯೇ ಮಾಡಿಸಿ. ಹಿಂದೆ ರೇಡಿಯಂ ಸ್ಟಿಕ್ಕರ್ ಅಂತೂ ಇರಲೇಬೇಕು.

ಸದ್ಯ ಕೊಂಡಿಯ ಪಿನ್ ಸವೆದು ಗೇರ್ ಹಾಕಿದಾಗಲೆಲ್ಲ ಟಕ್ ಅಂತ ಜಗ್ಗುತ್ತಿದೆ. ಮಾವಿನ ಸುಗ್ಗಿಗೆ ಮುಂಚೆ ಪಿನ್, ಹಿಂಬಾಗಿಲ ಕೀಲು ಎರಡೂ ಬದಲಾಯಿಸಬೇಕು, ಮಿಕ್ಕಂತೆ ಕೆಲಸ ಏನಿಲ್ಲ.